ಗಾಳಿ ಸೋಸುವ ಬಟ್ಟೆ

ಆ ಬಿಳಿ ಕಾರು ಮೂರನೆಯ ಸಲ ಅಂಗಡಿಯ ಮುಂದೆ ಬಂದು ನಿಂತಾಗ ಸುಮನ ತಲೆ ಎತ್ತಿ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ. ಎಂಜಿನ್ನಿನ ಸದ್ದಿಲ್ಲದೆ ಬರೀ ಟೈರಿನ ಕೆಳಗೆ ಜಲ್ಲಿ ಸರಿದದ್ದು ಕೇಳಿಸಿದರೆ ಅದು ಮಾಲಗಾಂವದ ದ್ರಾಕ್ಷಿ ಬೆಳೆಗಾರ ಪಂಕಜನ ಎಲೆಕ್ಟ್ರಿಕ್ ಕಾರು.

ಮೊದಲ ಸಲ, ಡ್ಯಾಶ್‌ಬೋರ್ಡಿನೊಳಗೆ ಏನೋ ಟಿಕ್ ಟಿಕ್ ಅನ್ನುತ್ತದೆ ಎಂದು ಬಂದಿದ್ದ. ಅರ್ಧ ತಾಸು ಹುಡುಕಿದ ಮೇಲೆ ಸಿಕ್ಕಿದ್ದು ಒಂದು ಬಾಲ್‌ಪೆನ್ನು. ಎರಡನೆಯ ಸಲ, ಎ.ಸಿ.ಯ ಗ್ಯಾಸು ಸರಿ ಇದೆಯೋ ಇಲ್ಲವೋ ನೋಡಬೇಕು ಅಂದ. ಗೇಜ್ ಹಚ್ಚಿ ನೋಡಿದರೆ ಎಲ್ಲ ಬರೋಬರಿ. ಆದರೂ ಒಂದು ತಾಸು ಕಟ್ಟೆಯ ಮೇಲೆ ಕೂತು, ಅವಳು ಬೇರೆ ಗಾಡಿಗಳ ಕೆಲಸ ಮಾಡುವುದನ್ನು ನೋಡಿದ್ದ. ಅವಳು ತಿರುಗಿದಾಗ ಮಾತ್ರ ಅವನಿಗೆ ಎದುರಿನ ಬೇವಿನ ಮರದಲ್ಲಿ ಏನೋ ಬಹಳ ಮುಖ್ಯವಾದದ್ದು ಕಾಣಿಸುತ್ತಿತ್ತು.

ಸುಮನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಈ ಸಲ ಏನ್ ನೆವಾ ತಂದೀರಿ?"

"ಈ ಸಲ ಖರೇನ ಐತ್ರಿ," ಅಂದ ಪಂಕಜ. "ಗಾಳಿ ಬರವಲ್ದು."

ಈ ಸಲ ಖರೆ ಅಂದರೆ ಹಿಂದಿನ ಎರಡು ಸಲ ಏನು ಎಂದು ಅವಳು ಕೇಳಲಿಲ್ಲ. ಕೇಳಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಾಯಿತು. ಅವನ ಕಣ್ಣು ಬೇವಿನ ಮರದ ಕಡೆ ಹೋಯಿತು.

ಫ್ರಿಜ್, ಎ.ಸಿ. ರಿಪೇರಿಯ ಆ ಅಂಗಡಿ ಇದ್ದದ್ದು ಸಾಂಗ್ಲಿ-ಮಿರಜ ರಸ್ತೆಯಲ್ಲಿ. ಸುಮನಳ ಅಪ್ಪ ಗುರುಪಾದಪ್ಪನದು ಮಿರಜ ಪೇಟೆಯಲ್ಲಿ ಮೂರು ತಲೆಮಾರಿನಿಂದ ಬಟ್ಟೆ ಮಾರಿದ ಲಿಂಗಾಯತ ಮನೆತನ. ಮನೆಮನೆಗೆ ಫ್ರಿಜ್ ಬರತೊಡಗಿದ ಆ ತೊಂಬತ್ತೆರಡನೇ ಇಸವಿಯಲ್ಲಿ ಅವನು ಗಜಕಡ್ಡಿಯನ್ನು ಅಣ್ಣನ ಕೈಗೆ ಕೊಟ್ಟು, ಸ್ಪಾನರ್ ಹಿಡಿದು ಈ ಬಯಲಿಗೆ ಬಂದು ಕೂತಿದ್ದ. ಆಗ ಎರಡೂ ಕಡೆ ಬರೀ ಜೋಳದ ಹೊಲ. ಆಮೇಲೆ ಕೂಲರು ಬಂದವು, ಎ.ಸಿ. ಬಂದವು, ಕಾರು ಬಂದವು. ಎರಡು ಊರುಗಳು ಒಂದರ ಕಡೆಗೊಂದು ಬೆಳೆಯುತ್ತ ಬಂದು, ಹೊಲಗಳಿದ್ದಲ್ಲಿ ಆಸ್ಪತ್ರೆ, ಶೋರೂಮು ಎದ್ದು, ಸಾಂಗ್ಲಿ ಎಲ್ಲಿ ಮುಗಿದು ಮಿರಜ ಎಲ್ಲಿ ಸುರುವಾಗುತ್ತದೆ ಎಂದು ಹೇಳುವುದೇ ಕಷ್ಟವಾಯಿತು. ಅಪ್ಪನ ಮೊಣಕಾಲು ಸೋತ ಮೇಲೆ ಕೆಲಸವೆಲ್ಲ ಸುಮನಳದೇ; ಅವನು ಒಳಗೆ ಕುರ್ಚಿಯ ಮೇಲೆ ಕೂತಿರುತ್ತಿದ್ದ.

ಅವಳಿಗೆ ಮೂವತ್ತೊಂದು. ನಾಲ್ಕು ಮನೆಯವರು ನೋಡಿ ಹೋಗಿದ್ದರು. ನಾಲ್ವರೂ ಕೇಳಿದ್ದು ಒಂದೇ: ಮದುವೆಯಾದ ಮೇಲೆ ಈ ಗ್ಯಾರೇಜಿನ ಕೆಲಸ ಬಿಡುತ್ತೀಯಲ್ಲ? ಐದನೆಯವರನ್ನು ಅವಳೇ ಬರಗೊಡಲಿಲ್ಲ. ಈಗ ಈ ದ್ರಾಕ್ಷಿ ತೋಟದ ಮನುಷ್ಯ ಏನನ್ನೂ ಕೇಳದೆ ಬರೀ ನೋಡುತ್ತ ಕೂಡುತ್ತಾನೆ. ಅವಳು ಪೈಪಿಗೆ ಬೆಸುಗೆ ಹಾಕುವುದನ್ನು ನೋಡುವಾಗ ಅವನಿಗೆ ಮಳೆಬಿಲ್ಲು ನೋಡುವವರ ಮುಖವಿತ್ತು. ಅದನ್ನು ನೆನೆಸಿಕೊಂಡರೆ ಅವಳ ಕುತ್ತಿಗೆ ಬೆಚ್ಚಗಾಗುತ್ತಿತ್ತು.

ಆದರೆ ಇವತ್ತು ಅವನ ಮುಖದಲ್ಲಿ ಆತಂಕವಿತ್ತು. ಸ್ವಲ್ಪ ಸ್ವಲ್ಪವಾಗಿ ಹೇಳಿದ. ಅವನನ್ನು ಬೆಳೆಸಿದವಳು ಅಜ್ಜಿ ಇಂದುಬಾಯಿ, ಅವನ ಬಾಯಲ್ಲಿ ಆಯಿ. ಹೊಗೆ ಉಗುಳುವ ಗಾಡಿ ಹತ್ತುವುದಿಲ್ಲ ಎಂದು ಅವಳು ನೇಮ ಹಿಡಿದು ಹತ್ತು ವರ್ಷವಾಗಿತ್ತು. ಅವಳಿಗಾಗಿಯೇ ಅವನು ಈ ಕಾರು ಕೊಂಡದ್ದು. ಅಜ್ಜಿಯ ತಂಗಿ ಬಹಳ ಹಿಂದೆಯೇ ದೀಕ್ಷೆ ತೆಗೆದುಕೊಂಡು ಜೈನ ಸಾಧ್ವಿಯಾದವರು. ಈ ಮಳೆಗಾಲದ ನಾಲ್ಕು ತಿಂಗಳು ಕುಂಭೋಜದ ಆಶ್ರಮದಲ್ಲಿ ನಿಂತಿದ್ದಾರೆ. ದೀಪಾವಳಿ ಮುಗಿದದ್ದೇ ಬರಿಗಾಲಲ್ಲಿ ಉತ್ತರಕ್ಕೆ ನಡೆದು ಹೋಗುತ್ತಾರೆ. ಇಬ್ಬರೂ ಎಂಬತ್ತರ ಹತ್ತಿರ. ಮತ್ತೆ ಈ ಕಡೆ ಬರುವುದು ಯಾರಿಗೂ ಖಾತ್ರಿಯಿಲ್ಲ. ಹೋದ ಭಾನುವಾರ ಅಜ್ಜಿಯನ್ನು ಕರೆದುಕೊಂಡು ಹೊರಟರೆ, ಅಕ್ಟೋಬರಿನ ಆ ಬಿಸಿಲಿಗೆ ಅಂಕಲಿ ಸೇತುವೆ ದಾಟುವುದರೊಳಗೆ ಅವಳಿಗೆ ಕಣ್ಣು ಕತ್ತಲೆ ಬಂದಿತ್ತು. ತಿರುಗಿ ಬಂದಿದ್ದರು.

"ಅವರು ಹೋಗಾಕ ಇನ್ನ ನಾಕ ದಿನಾ ಅದಾವ. ಆಗತೈತೇನ್ರಿ?"

"ಆಗದ ಏನ್ ಮಾಡತೈತಿ," ಅಂದಳು ಸುಮನ. ಯಾರಿಗೂ ಇಷ್ಟು ಬೇಗ ಮಾತು ಕೊಡುವವಳಲ್ಲ ಅವಳು.

ಎ.ಸಿ. ಚಾಲೂ ಮಾಡಿದಳು. ಪೈಪು ಮುಟ್ಟಿದರೆ ಮಂಜಿನಷ್ಟು ತಣ್ಣಗಿತ್ತು. ಫ್ಯಾನು ನಾಲ್ಕನೆಯ ನಂಬರಿನಲ್ಲಿ ಭರ್ರೋ ಅನ್ನುತ್ತಿತ್ತು. ಆದರೆ ಕಿಂಡಿಯ ಮುಂದೆ ಕೈ ಹಿಡಿದರೆ ಮಲಗಿದ ಕೂಸಿನ ಉಸಿರಿನಷ್ಟು ಗಾಳಿ. ತಂಪು ಹುಟ್ಟುತ್ತಿದೆ, ಹೊರಗೆ ಬರುತ್ತಿಲ್ಲ. ದಾರಿಯಲ್ಲಿ ಏನೋ ಅಡ್ಡ ಇದೆ. ಡ್ಯಾಶ್‌ಬೋರ್ಡಿನ ಎಡಗಡೆಯ ಡ್ರಾವರು ಕಳಚಿ, ಅದರ ಹಿಂದಿದ್ದ ಗಾಳಿ ಸೋಸುವ ಫಿಲ್ಟರನ್ನು ಮೆಲ್ಲಗೆ ಹೊರಗೆ ಎಳೆದಳು.

ಎಳೆದವಳು ನಕ್ಕೇಬಿಟ್ಟಳು.

ಫಿಲ್ಟರಿಗೆ ಯಾರೋ ತಲೆದಿಂಬಿಗೆ ಹಾಕುವಂತೆ ಬಟ್ಟೆಯ ಚೀಲ ಹೊಲಿದು ತೊಡಿಸಿದ್ದರು. ದಟ್ಟ ನೂಲಿನ ಬಟ್ಟೆ, ನಾಲ್ಕು ಮಡಿಕೆ. ತೋಟದಲ್ಲಿ ಬಳ್ಳಿಗೆ ಹೊಡೆಯುವ ಗಂಧಕದ ಪುಡಿ ಹತ್ತಿ ಹಳದಿಯಾಗಿತ್ತು.

"ಅಪ್ಪಾ, ಇಲ್ಲೆ ನೋಡ್ರಿ," ಎಂದು ಕೂಗಿದಳು. "ಎ.ಸಿ.ಗೆ ಥಂಡಿ ಆಗತೈತಂತ ದುಪ್ಪಡಿ ಹೊಚ್ಯಾರ."

ಎಂದವಳೇ, ದಿನಾಲೂ ಎಲ್ಲ ಫಿಲ್ಟರಿಗೆ ಮಾಡುವಂತೆ, ಅದನ್ನು ಗೋಡೆಗೆ ಎರಡು ಸಲ ಜೋರಾಗಿ ಬಡಿದಳು. ಧೂಳು ಎದ್ದಿತು. ಮೂರನೆಯ ಸಲಕ್ಕೆ ಎತ್ತಿದ ಕೈಯನ್ನು ಪಂಕಜ ಹಿಡಿದ.

ಜೋರಾಗಿ ಹಿಡಿಯಲಿಲ್ಲ. ಬೆರಳ ತುದಿಯಿಂದ ತಡೆದ, ಅಷ್ಟೇ. ಬಟ್ಟೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು, ಬೇವಿನ ಮರದ ಬುಡಕ್ಕೆ ಹೋಗಿ, ಮೊಣಕಾಲೂರಿ ಒಂದೊಂದೇ ಮಡಿಕೆ ಬಿಚ್ಚಿದ. ಸುಮನ ಹಿಂದೆಯೇ ಹೋದಳು. ಒಂದು ಮಡಿಕೆಯೊಳಗೆ ಅಕ್ಕಿಕಾಳಿನಷ್ಟು ಹಸಿರು ಹುಳ ಇನ್ನೂ ನಡೆಯುತ್ತಿತ್ತು. ಇನ್ನೊಂದರಲ್ಲಿ, ಈಗ ತಾನೇ ಜಜ್ಜಿ ಹೋದ ಎರಡು. ಅವನು ಬದುಕಿದ್ದನ್ನು ಎಲೆಯ ಮೇಲೆ ಇಳಿಸಿದ. ಉಳಿದವನ್ನು ಸ್ವಲ್ಪ ಹೊತ್ತು ನೋಡಿದ.

ಆ ಬಟ್ಟೆ ತೆಗೆದರೆ ಈಗಲೇ ಗಾಳಿ ಬರುತ್ತದೆ ಎಂದು ಸುಮನ ಸಣ್ಣ ದನಿಯಲ್ಲಿ ಹೇಳಿದಳು. ಅದಿಲ್ಲದೆ ಆಯಿ ಕಾರು ಹತ್ತುವುದಿಲ್ಲ ಎಂದ ಅವನು. ಹೊರಗಿನ ಗಾಳಿ ಬಂದ್ ಮಾಡಿ ಒಳಗಿನ ಗಾಳಿಯನ್ನೇ ತಿರುಗಿಸಬಹುದಲ್ಲ ಎಂದಳು. ಅದನ್ನೂ ನೋಡಿದ್ದಾಗಿದೆ, ಟ್ರಂಕಿನೊಳಗೆ ಹಾಕಿ ಮುಚ್ಚಿದಂತಾಗುತ್ತದೆ ಎಂದು ಆಯಿ ಬೆವರುತ್ತಾಳೆ ಎಂದ.

"ಹೆಂಗಿತ್ತೋ ಹಂಗ ಹಾಕಿಬಿಡ್ರಿ."

ಹಾಕಿದಳು. ಅವನು ಕೈ ಮುಗಿದು ಕಾರು ಹತ್ತಿದ. ಬೇವಿನ ಮರದ ಕಡೆಯೂ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ.

ಸಂಜೆ ಗುರುಪಾದಪ್ಪ ಮಗಳಿಗೆ ತಿಳಿಸಿ ಹೇಳಿದ. ಜೈನರ ಮನೆಯಲ್ಲಿ ನೀರನ್ನು ಮಡಿಕೆ ಹಾಕಿದ ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಾರೆ. ಸೋಸಿ ಬಿಟ್ಟುಬಿಡುವುದಲ್ಲ; ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ನೀರಿನಿಂದ ತೊಳೆದು, ತಂದ ಬಾವಿಗೇ ತಿರುಗಿ ಬಿಡುತ್ತಾರೆ. ಎಳೆಯ ವಯಸ್ಸಿನಲ್ಲಿ ಅವನು ಅದನ್ನು ಕಣ್ಣಾರೆ ನೋಡಿದ್ದ. "ಆ ಮುದುಕಿ ಗಾಳೀನೂ ಹಂಗ ಸೋಸಾಕತ್ತಾಳ, ನೋಡು," ಅಂದ.

ಸುಮನ ಕೈಯಲ್ಲಿದ್ದ ಸ್ಪಾನರು ಕೆಳಗಿಟ್ಟಳು. ಹತ್ತು ವರ್ಷದಲ್ಲಿ ಎಷ್ಟು ಫಿಲ್ಟರು ಬಡಿದಿದ್ದಾಳೋ, ಲೆಕ್ಕವಿಲ್ಲ. ಅದರಲ್ಲಿ ಯಾರಾದರೂ ಇರಬಹುದು ಎಂದು ಒಂದು ಸಲವೂ ಅನ್ನಿಸಿರಲಿಲ್ಲ. ಯಂತ್ರದ ಒಳಗೆ ಹೋಗುವ ಗಾಳಿಯಲ್ಲಿ ಕೂಡ ಒಂದು ಊರಿದೆ, ಅದರಲ್ಲಿ ನಡೆಯುವವರು, ಹಾರುವವರು ಇದ್ದಾರೆ ಎಂದು ಮಾಲಗಾಂವದ ಒಬ್ಬ ಮುದುಕಿ ಸೂಜಿ ದಾರ ಹಿಡಿದು ಕೂತಲ್ಲೇ ಕಂಡಿದ್ದಳು.

ಪಂಕಜ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಅವನ ಕಣ್ಣಲ್ಲಿ ತಾನು ನಗುತ್ತ ಜೀವ ಬಡಿದವಳಾಗಿ ಉಳಿದುಬಿಟ್ಟರೆ, ಅವನು ಮತ್ತೆಂದೂ ಆ ಕಟ್ಟೆಯ ಮೇಲೆ ಬಂದು ಕೂಡದಿದ್ದರೆ. ಯೋಚನೆ ಅಲ್ಲಿಗೆ ಬಂದು ನಿಂತಾಗ, ಆ ಕಟ್ಟೆ ತನಗೆ ಎಷ್ಟು ಬೇಕಾಗಿದೆ ಎಂಬುದು ಅವಳಿಗೆ ಮೊದಲ ಸಲ ತಿಳಿಯಿತು.

ಬೆಳಗಾಗುವುದೇ ತಡ, ಮಿರಜ ಪೇಟೆಯಲ್ಲಿ ದೊಡ್ಡಪ್ಪ ಸಿದ್ರಾಮಪ್ಪನ ಬಟ್ಟೆ ಅಂಗಡಿಗೆ ಹೋದಳು. ತೆಳು ಬಟ್ಟೆಗಳನ್ನೆಲ್ಲ ತೆಗೆಸಿ, ಒಂದೊಂದನ್ನು ಬಾಯಿಗೆ ಹಿಡಿದು ಊದಿ ನೋಡತೊಡಗಿದಳು. ಎಲ್ಲಿ ಉಸಿರು ಸಲೀಸಾಗಿ ದಾಟುತ್ತದೋ ಅಲ್ಲಿ ಹುಳವೂ ದಾಟುವಷ್ಟು ದೊಡ್ಡ ತೂತು; ಎಲ್ಲಿ ಹುಳ ದಾಟುವುದಿಲ್ಲವೋ ಅಲ್ಲಿ ಉಸಿರೂ ನಿಲ್ಲುತ್ತದೆ. ಗಿರಾಕಿಗಳು ನಿಂತು ನೋಡಿದರು.

"ಮದ್ವಿ ಸೀರಿ ನೋಡಾಕ ಬಂದೀ ಅಂತ ಖುಷಿ ಪಟ್ಟಿದ್ದೆ," ಅಂದ ಸಿದ್ರಾಮಪ್ಪ. "ಊದಾಕ ಬಂದಿಯೇನ, ಮಗಳ?"

"ಅದಕ್ಕೂ ಇದಕ್ಕೂ ಸಂಬಂಧ ಐತಿ, ದೊಡ್ಡಪ್ಪಾ," ಎಂದವಳಿಗೆ ತನ್ನ ಬಾಯಿಯಿಂದ ಏನು ಬಂತು ಎಂದು ಆಮೇಲೆ ಹೊಳೆದು, ಮಲಮಲ್ ಬಟ್ಟೆಯ ಹಿಂದೆ ಮುಖ ಮರೆಸಿದಳು.

ಉಪಾಯ ಕೊಟ್ಟವಳು ಅವ್ವ ನೀಲಗಂಗವ್ವ. ಅಡಿಗೆ ಮನೆಯಲ್ಲಿ ಸೀರೆಯ ನಿರಿಗೆ ಹಿಡಿಯುತ್ತ ನಿಂತಿದ್ದಳು. ಎರಡು ಮಾರು ಸೀರೆ ಒಂದು ಗೇಣಿನೊಳಗೆ ಮಡಿದು ಕೂತದ್ದನ್ನು ಸುಮನ ಬಾಗಿಲಲ್ಲಿ ನಿಂತು ಹೊಸದಾಗಿ ನೋಡಿದಂತೆ ನೋಡಿದಳು. ಬಟ್ಟೆಯನ್ನು ದಪ್ಪ ಮಾಡಿದ್ದೇ ತಪ್ಪು. ಪದರು ಒಂದೇ ಸಾಕು, ಆದರೆ ಅಗಲ ಬೇಕು; ನಿರಿಗೆ ಹಿಡಿದರೆ ಆ ಅಗಲ ಸಣ್ಣ ಜಾಗದಲ್ಲೂ ಕೂಡುತ್ತದೆ. ಒಂದೇ ಬಾಗಿಲಿನಲ್ಲಿ ನುಗ್ಗುವ ಮಂದಿ ಹತ್ತು ಬಾಗಿಲಿದ್ದರೆ ಸಾವಕಾಶ ಹೋಗುತ್ತಾರಲ್ಲ, ಹಾಗೆ. ಗಾಳಿ ಅಷ್ಟು ಮೆಲ್ಲಗೆ ದಾಟಿದರೆ ಹುಳವೂ ಬಟ್ಟೆಗೆ ಅಂಟಿಕೊಂಡು ಉಳಿಯುವುದಿಲ್ಲ, ಕಾರು ನಿಂತಾಗ ಹಾರಿ ಹೋಗುತ್ತದೆ. ಅದೂ ಒಳಗೆ ಫಿಲ್ಟರಿನ ಹತ್ತಿರವಲ್ಲ. ಹೊರಗೆ, ಮುಂದಿನ ಗಾಜಿನ ಕೆಳಗೆ, ವೈಪರಿನ ಹತ್ತಿರ ಗಾಳಿ ಒಳಬರುವ ಉದ್ದನೆಯ ಕಿಂಡಿಯಲ್ಲಿ. ಅಲ್ಲಿ ಜಾಗ ಬೇಕಾದಷ್ಟಿದೆ.

ಅಲ್ಯುಮಿನಿಯಂ ಪಟ್ಟಿಯ ಚೌಕಟ್ಟು ಅವಳು ಬಾಗಿಸಿದಳು. ಅವ್ವ ದೊಡ್ಡಪ್ಪನ ಅಂಗಡಿಯಿಂದ ತಂದ ಮಲಮಲ್‌ಗೆ ಬೆರಳಗಲದ ನಿರಿಗೆ ಹಿಡಿದು ಹೊಲಿದಳು. ಯಾರ ಕಾರಿಗೆ ಎಂದು ಅವ್ವ ಕೇಳಲಿಲ್ಲ. ಹೊಲಿಗೆ ಮಾತ್ರ ಬಹಳ ಚಂದ ಹಾಕಿದಳು.

ಮರುದಿನ ಮುಂಜಾನೆ ಸುಮನ ಸ್ಕೂಟರಿನ ಮುಂದೆ ಚೌಕಟ್ಟು ಇಟ್ಟುಕೊಂಡು ಮಾಲಗಾಂವಕ್ಕೆ ಹೋದಾಗ ಪಂಕಜ ತೋಟದಲ್ಲಿದ್ದ. ಬೆನ್ನಿಗೆ ಪಂಪು, ಮುಖಕ್ಕೆ ಬಟ್ಟೆ. ದ್ರಾಕ್ಷಿಯ ಹೊಸ ಚಿಗುರಿಗೆ ಹುಳದ ಔಷಧಿ ಹೊಡೆಯುತ್ತಿದ್ದ. ಅವಳನ್ನು ಕಂಡು ಪಂಪು ಬಂದ್ ಮಾಡಿದ. ಮುಖದ ಬಟ್ಟೆ ಬಿಚ್ಚಿದ. ಅವಳ ನೋಟ ಪಂಪಿನ ಮೇಲಿದ್ದುದು ಅವನಿಗೆ ಕಂಡಿತು.

"ಇಲ್ಲೆ ಕೊಲ್ಲತೇನಿ, ಅಲ್ಲೆ ಸೋಸತೇನಿ," ಅಂದ. "ನಗೂದಿದ್ರ ಇದಕ್ಕ ನಗ್ರಿ."

ಸುಮನ ನಗಲಿಲ್ಲ.

"ತೋಟ ಬಿಡಾಕ ಆಗಂಗಿಲ್ಲ. ಕಡಿಮಿ ಹೊಡಿತೇನಿ, ಪೂರಾ ನಿಲ್ಲಸಾಕ ಆಗಿಲ್ಲ. ಆಯಿಗೆ ಇದೆಲ್ಲಾ ಗೊತ್ತೈತಿ. ಅಲ್ಲೆ ಉಳಸಾಕ ಬರಂಗಿಲ್ಲಂತ ಇಲ್ಲೆ ಉಳಸಾಕ ಬರೂದನ್ನ ಯಾಕ ಬಿಡ್ತಿ ಅಂತಾಳ."

ಸರಿ ಬದುಕುತ್ತಿದ್ದೇನೆ ಎಂದು ಹೇಳಿಕೊಳ್ಳುವವರನ್ನು ಸುಮನ ಎಷ್ಟೋ ನೋಡಿದ್ದಳು. ಸರಿಯಿಲ್ಲದ್ದನ್ನು ಬೆನ್ನ ಮೇಲೆ ಹೊತ್ತುಕೊಂಡೇ, ಸಾಧ್ಯವಿದ್ದಷ್ಟನ್ನು ಅಂಗೈಯಲ್ಲಿ ಕಾಪಾಡುವ ಮನುಷ್ಯನನ್ನು ಈಗಲೇ ನೋಡುತ್ತಿದ್ದಳು.

"ಅವತ್ತ ನಾ ಬಡದೆ," ಅಂದಳು. "ನಕ್ಕೂ ನಕ್ಕೆ. ತಪ್ಪಾತ್ರಿ. ಸಿಟ್ಟ ಇದ್ರ ಇರವಲ್ದ್ಯಾಕ, ಇದೊಂದ ಹಚ್ಚಿ ಹೋಗತೇನಿ."

ಅವನು ಚೌಕಟ್ಟನ್ನು ಕೈಗೆ ತೆಗೆದುಕೊಂಡ. ನಿರಿಗೆಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡಿದ, ಪುಸ್ತಕದ ಹಾಳೆ ತಿರುವಿದಂತೆ. ತನಗೆ ಸಿಟ್ಟು ಬಂದಿರಲಿಲ್ಲ ಎಂದ ಆಮೇಲೆ. ಇಷ್ಟು ಚಂದ ಕೆಲಸ ಬಲ್ಲ ಕೈಗಳಿಂದ ಅದಾಯಿತಲ್ಲ ಎಂದು ಸಂಕಟವಾಗಿತ್ತು, ಅಷ್ಟೇ.

ಅಂಗಳದಲ್ಲಿ ಅವಳು ವೈಪರು ಬಿಚ್ಚಿ, ಚೌಕಟ್ಟು ಕೂಡಿಸಿ, ಒಳಗಿನ ನಾಲ್ಕು ಮಡಿಕೆಯ ಚೀಲ ತೆಗೆಯುವವರೆಗೆ ಇಂದುಬಾಯಿ ಪಕ್ಕದಲ್ಲೇ ಕಟ್ಟಿಗೆಯ ಮಣೆ ಹಾಕಿಕೊಂಡು ಕೂತಿದ್ದಳು. ಬಿಳಿ ಸೀರೆ, ಒಣಗಿದ ಖರ್ಜೂರದಂಥ ಮುಖ, ತುಂಬು ಕಣ್ಣು. ಪ್ರಶ್ನೆಯ ಮೇಲೆ ಪ್ರಶ್ನೆ. ಗಾಳಿ ಎಲ್ಲಿಂದ ಹೋಗುತ್ತದೆ, ಫ್ಯಾನು ಎಷ್ಟು ದೂರ, ಬಟ್ಟೆಗೆ ತಾಗಿದ ಹುಳಕ್ಕೆ ಪೆಟ್ಟಾಗುತ್ತದೋ ಹೇಗೆ. ಯಾವ ಗಿರಾಕಿಯೂ ಸುಮನಳಿಗೆ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ಎಲ್ಲ ಮುಗಿದ ಮೇಲೆ ಮುದುಕಿ ಕಾರಿನಲ್ಲಿ ಕೂತಳು. ಸುಮನ ಫ್ಯಾನನ್ನು ಎರಡನೆಯ ನಂಬರಿಗೆ ಮಾತ್ರ ತಿರುಗಿಸಿದಳು. ಮೊದಲು ಇಂದುಬಾಯಿಯ ಹಣೆಯ ಮೇಲಿನ ಬೆಳ್ಳಿ ಕೂದಲು ಅಲುಗಿತು. ಆಮೇಲೆ ಸೆರಗು. ಆಮೇಲೆ ಆ ತಂಪು ಹಿಂದಿನ ಸೀಟಿನ ತನಕ ತುಂಬಿ, ಬಾಗಿಲಲ್ಲಿ ನಿಂತ ಪಂಕಜನ ಅಂಗಿಯನ್ನು ಮುಟ್ಟಿತು. ಮುದುಕಿ ಎರಡೂ ಅಂಗೈ ಕಿಂಡಿಗೆ ಒಡ್ಡಿ ಕಣ್ಣು ಮುಚ್ಚಿದಳು.

ಕಾಲುವೆಯವರೆಗೆ ಒಂದು ಸುತ್ತು ಹೋಗಿ ಬಂದು ನೋಡಿದರೆ, ನಿರಿಗೆಯ ಮೇಲೆ ಒಂದು ಬೂದಿ ಬಣ್ಣದ ಪತಂಗ ರೆಕ್ಕೆ ಮಡಿಸಿ ಕೂತಿತ್ತು. ಮೂವರೂ ಬಾಗಿ ನೋಡಿದರು. ಉಸಿರು ಬಿಡಲು ಕೂಡ ಯಾರೂ ಅವಸರ ಮಾಡಲಿಲ್ಲ. ಪತಂಗ ತನ್ನಷ್ಟಕ್ಕೆ ತಾನು ಎದ್ದು, ತೊಗರಿ ಸಾಲಿನ ಮೇಲೆ ಹಾರಿಹೋಯಿತು. ಇಂದುಬಾಯಿ ಸುಮನಳ ಗದ್ದ ಹಿಡಿದು, ಆ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದಳು. ನಾಳೆ ಕುಂಭೋಜಕ್ಕೆ ನೀನೂ ಬಾ ಅಂದಳು. ದಾರಿಯಲ್ಲಿ ಯಂತ್ರಕ್ಕೆ ಏನಾದರೂ ಆದರೆ ಇವನಿಗೇನು ತಿಳಿಯುತ್ತದೆ, ಪೆನ್ನು ಎಲ್ಲಿ ಬಿದ್ದಿದೆ ಎಂದೂ ತಿಳಿಯುವುದಿಲ್ಲ.

ಪಂಕಜ ತಲೆ ತಗ್ಗಿಸಿದ. ಮನೆಯಲ್ಲಿ ಪೆನ್ನಿನ ಸುದ್ದಿಯೂ ಆಗಿತ್ತು ಅಂತಾಯಿತು.

ಮರುದಿನ ಅಂಕಲಿ ಸೇತುವೆ ಬಂದಾಗ ಸ್ಟೀರಿಂಗಿನ ಮೇಲೆ ಅವನ ಬೆರಳು ಬಿಗಿಯಾದದ್ದನ್ನು ಪಕ್ಕದ ಸೀಟಿನಲ್ಲಿದ್ದ ಸುಮನ ನೋಡಿದಳು. ಕನ್ನಡಿಯಲ್ಲಿ ಮತ್ತೆ ಮತ್ತೆ ಹಿಂದೆ ನೋಡುತ್ತಿದ್ದ. ಕೆಳಗೆ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಹಿಂದಿನ ಸೀಟಿನಿಂದ ದನಿ ಬಂತು.

"ಏ ಹುಡುಗಿ, ಉಳ್ಳಾಗಡ್ಡಿ ತಿಂತೀಯೇನ?"

"ತಿಂತೇನ್ರಿ, ಆಯಿ."

"ದಿನಾ ಬೇಕೇನ?"

"ದಿನಾ ಏನ್ ಬ್ಯಾಡ್ರಿ."

"ಹೊತ್ತ ಮುಳುಗೂದ್ರಾಗ ಊಟಾ ಮಾಡಾಕ ಬರತೈತೇನ?"

"ಗ್ಯಾರೇಜ ಲಗೂನ ಮುಚ್ಚಿದ್ರ ಬರತೈತ್ರಿ. ಆದ್ರ ಗ್ಯಾರೇಜ ಬಿಡಂಗಿಲ್ಲ."

"ನಿನಗ ಬಿಡು ಅಂದವರ್ಯಾರ?" ಎಂದು ಇಂದುಬಾಯಿ ಕಬ್ಬಿನ ಹೊಲ ನೋಡತೊಡಗಿದಳು. ಪಂಕಜನ ಕಿವಿ ಕೆಂಪೇರಿತು. ಸೇತುವೆ ಯಾವಾಗ ಮುಗಿಯಿತು ಎಂದು ಮೂವರಿಗೂ ತಿಳಿಯಲಿಲ್ಲ.

ಆಶ್ರಮದ ಪಡಸಾಲೆಯಲ್ಲಿ ಸಾಧ್ವಿ ಒಬ್ಬರೇ ನಿಂತಿದ್ದರು. ಕೈಯಲ್ಲಿ ನವಿಲುಗರಿಯ ಪಿಂಛಿ. ಕೂಡುವ ಮೊದಲು ಬಾಗಿ, ಆ ಗರಿಯಿಂದ ನೆಲವನ್ನು ಮೆಲ್ಲಗೆ ಸವರಿದರು. ಅಲ್ಲಿ ಇರಬಹುದಾದ, ತಾವು ಎಂದೂ ಕಾಣದ ಒಂದು ಇರುವೆಗೆ ಪಕ್ಕಕ್ಕೆ ಸರಿಯಲು ಕೇಳಿಕೊಂಡಂತಿತ್ತು. ಕಲ್ಲಿನ ದೊಡ್ಡ ಮೂರ್ತಿಗಳ ಮುಂದೆ ನಿಂತಾಗಲೂ ಸುಮನಳಿಗೆ ತಾನು ಇಷ್ಟು ಚಿಕ್ಕವಳು ಅನ್ನಿಸಿರಲಿಲ್ಲ.

ಇಂದುಬಾಯಿ ತನಗಿಂತ ಎರಡು ವರ್ಷ ಚಿಕ್ಕವಳಿಗೆ, ಒಂದು ಕಾಲಕ್ಕೆ ಜಡೆ ಹಾಕಿಕೊಟ್ಟವಳಿಗೆ, ನೆಲಕ್ಕೆ ಹಣೆ ಹಚ್ಚಿ "ವಂದಾಮಿ, ಮಾತಾಜಿ" ಅಂದಳು. ಸಾಧ್ವಿ ಪಿಂಛಿ ಎತ್ತಿ ಹರಸಿದರು. ಮುಟ್ಟಲಿಲ್ಲ. ಅಕ್ಕ ಎನ್ನಲಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತವೆಯೇ ಎಂದು ಕೇಳಿದರು. ಕಾಣುತ್ತವೆ ಎಂದಳು ಇಂದುಬಾಯಿ. ಅಷ್ಟೇ. ಆಮೇಲೆ ಇಬ್ಬರೂ ಎದುರುಬದುರು ಸುಮ್ಮನೆ ಕೂತರು. ಒಬ್ಬರು ಎಲ್ಲವನ್ನೂ ಬಿಟ್ಟವರು, ಇನ್ನೊಬ್ಬಳು ಅವರನ್ನು ನೋಡುವ ಆಸೆಯೊಂದನ್ನು ಬಿಡಲಾರದೆ ಬಂದವಳು. ನಡುವೆ ಒಂದು ಮಾರು ನೆಲ. ಆ ಮೌನದಲ್ಲಿ ಎಂಬತ್ತು ವರ್ಷ ನಿಂತಿತ್ತು.

ಸುಮನ, ಪಂಕಜ ಸದ್ದಾಗದಂತೆ ಎದ್ದು ಹೊರಗೆ ಬಂದರು. ಅಂಗಳದಲ್ಲಿ ಹೂವಾಗಿದ್ದ ದೇವಕಣಗಿಲೆಯ ಕೆಳಗೆ ನಿಂತರು. ಅವನ ಕಣ್ಣು ಒದ್ದೆಯಾಗಿದ್ದವು. ಒರೆಸಿಕೊಳ್ಳಲಿಲ್ಲ.

"ನೀವು ಇರದಿದ್ರ ಇದ ಆಗತಿರಲಿಲ್ಲ," ಅಂದ.

"ಬಟ್ಟಿ ಹೊಲದಾಕಿ ನಮ್ಮವ್ವ."

"ಸುಮನ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳು ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ. ನೋಡಲು ಇಲ್ಲೂ ಮರಗಳು ಬೇಕಾದಷ್ಟಿದ್ದವು.

"ಚಿಕ್ಕಾಯಿ ಎಲ್ಲಾ ಬಿಟ್ಟಾರ. ಅವರನ್ನ ನೋಡಿ ನನಗೂ ಏನರೆ ಬಿಡಬೇಕು ಅನ್ನಸಬೇಕಿತ್ತು." ಅವನು ಪಡಸಾಲೆಯ ಕಡೆ ಕೈ ಮಾಡಿದ. "ಅಲ್ಲೆ ಕುಂತಾಗ ಅನ್ನಿಸಿದ್ದು ಒಂದ. ನಿಮ್ಮ ಕೈ ಹಿಡೀಬೇಕು, ಬಿಡಬಾರದು ಅಂತ. ಹಿಡೀಲೇನ್ರಿ?"

ಸುಮನ ಅವನ ಚಾಚಿದ ಕೈಯನ್ನು ನೋಡಿದಳು. ಒಳಗೆ ಪಡಸಾಲೆಯಲ್ಲಿ ನವಿಲುಗರಿ ಮತ್ತೊಮ್ಮೆ ನೆಲ ಸವರಿದ ಸದ್ದು ಕೇಳಿದಂತಾಯಿತು.

"ಇಲ್ಲೆ ಬ್ಯಾಡ," ಅಂದಳು.

ಅವನ ಮುಖ ಇಳಿಯಿತು. ಕೈ ಹಿಂದಕ್ಕೆ ಹೋಯಿತು.

ಅವಳು ಆಗಲೇ ನಡೆಯತೊಡಗಿದ್ದಳು. ಅಂಗಳ ದಾಟಿದಳು, ಕಮಾನು ದಾಟಿದಳು, ಆಶ್ರಮದ ಗೇಟಿನ ಗೆರೆ ದಾಟಿ, ಊರಿನ ಧೂಳು ಸುರುವಾಗುವ ರಸ್ತೆಯ ಮೇಲೆ ನಿಂತಳು. ತಿರುಗಿದಳು. ಕೆನ್ನೆಯ ತುಂಬ ಬಿಸಿಲು, ಕಣ್ಣ ತುಂಬ ನಗು, ನೀರು ಎರಡೂ.

"ಏನ್ ನಿಂತೀರಿ ಅಲ್ಲೆ?" ಎಂದು ಬಲಗೈ ಮುಂದೆ ಚಾಚಿದಳು. "ಲಗೂನ ಬರ್ರಿ."